ಪದ ಪರಿಚಯ: ಕಾಮನ್ ಪ್ರಾಪರ್ಟೀಸ್

ಕಲಬುರಗಿಯ ಗಂಜಿನ (ಧಾನ್ಯದ ಮಾರುಕಟ್ಟೆಯ) ಒಂದು ದಾಲ್‌ಮಿಲ್ಲಿಗೆ ನಾವು ಮೂರು ಸಣ್ಣ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆವು. ತೂಕದ ಚೀಟಿಗೆ ಒಂದು, ಬಿಲ್ಲಿಗೆ ಒಂದು, ಗೋದಾಮಿನ ಲೆಕ್ಕಕ್ಕೆ ಒಂದು. ಬರೆದ ಕೋಡನ್ನು ಓಡುವ ಪ್ರೋಗ್ರಾಮ್ ಆಗಿ ಕಟ್ಟಿಕೊಡುವ ಸೂಚನೆಗಳ ಕಡತಕ್ಕೆ ಬಿಲ್ಡ್ ಸ್ಕ್ರಿಪ್ಟ್ ಅನ್ನುತ್ತೇವೆ. ಮೂರಕ್ಕೂ ಬೇರೆ ಬೇರೆ ಸ್ಕ್ರಿಪ್ಟ್ ಇತ್ತು.

2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ ಜಾವಾ ಲೈಬ್ರರಿಯಲ್ಲಿ (ಬೇರೆಯವರು ಬರೆದಿಟ್ಟ, ನಾವು ಸೇರಿಸಿಕೊಳ್ಳುವ ಸಿದ್ಧ ಕೋಡಿನಲ್ಲಿ) ದೊಡ್ಡ ಭದ್ರತಾ ದೋಷ ಹೊರಬಿತ್ತು. ಅದನ್ನು ಸರಿಪಡಿಸಿದ ಆವೃತ್ತಿಯಾಗಿ ಮೊದಲು 2.15.0 ಬಂತು, ಅದೂ ಸಾಲದೆ 2.16.0, ಮತ್ತೆ 2.17.0, ಕಡೆಗೆ 2.17.1. ಒಂದೇ ತಿಂಗಳಲ್ಲಿ ನಾಲ್ಕು ಸಲ ಸಂಖ್ಯೆ ತಿದ್ದುವ ಕೆಲಸ, ಪ್ರತಿ ಸಲವೂ ಮೂರು ಕಡತಗಳಲ್ಲಿ. ಮೂರನೇ ಸಲ ಗೋದಾಮಿನದು ಮರೆತೇಹೋಯಿತು. ‘ಸರ್, ಇದ್ರಾಗ ಇನ್ನಾ ಹಳೇದೇ ಅದ ನೋಡ್ರಿ’ ಎಂದು ಜೊತೆಗೆ ಕೆಲಸ ಮಾಡುವ ಹುಡುಗ ತೋರಿಸುವ ಹೊತ್ತಿಗೆ ಎರಡು ದಿನ ಕಳೆದಿತ್ತು. ಆ ಎರಡು ದಿನ ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಕಾಮನ್ ಪ್ರಾಪರ್ಟೀಸ್ ಅಂದರೆ ಹಲವು ಬಿಲ್ಡ್ ಸ್ಕ್ರಿಪ್ಟುಗಳಿಗೆ ಬೇಕಾಗುವ ಮೌಲ್ಯಗಳನ್ನು ಒಂದೇ ಕಡತದಲ್ಲಿ ಬರೆದಿಟ್ಟು, ಎಲ್ಲ ಸ್ಕ್ರಿಪ್ಟುಗಳೂ ಅಲ್ಲಿಂದಲೇ ಓದಿಕೊಳ್ಳುವ ಏರ್ಪಾಡು. ಲೈಬ್ರರಿಯ ಆವೃತ್ತಿ, ಜಾವಾದ ಆವೃತ್ತಿ, ಕಟ್ಟಿದ ಫೈಲು ಹೋಗಿ ಬೀಳುವ ಫೋಲ್ಡರ್, ಇಂಥವು ಅದರಲ್ಲಿರುತ್ತವೆ. ಹೆಸರು, ಸ್ಕ್ರಿಪ್ಟ್ ಓಡಿಸುವ ಬಿಲ್ಡ್ ಉಪಕರಣದಿಂದ ಉಪಕರಣಕ್ಕೆ ಬದಲಾಗುತ್ತದೆ. ಮೇವನ್‌ನಲ್ಲಿ ಪೇರೆಂಟ್ ಪೋಮ್, ಗ್ರೇಡಲ್‌ನಲ್ಲಿ ವರ್ಷನ್ ಕ್ಯಾಟಲಾಗ್. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಬರೆದ ಮೇಕ್ ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ ಇನ್‌ಕ್ಲೂಡ್ ಎಂಬ ಒಂದೇ ಸಾಲು ಈ ಕೆಲಸ ಮಾಡುತ್ತದೆ. ನಮ್ಮದು ಆ್ಯಂಟ್ ಎಂಬ ಉಪಕರಣ.

‘ಒಂದೇ ಕಡೆ ಬರೆಯುವುದು’ ಎಂಬಲ್ಲಿಗೆ ಈ ಪದದ ಅರ್ಥ ಮುಗಿಯಿತು ಎಂದು ಬಹಳ ಜನ ತಿಳಿಯುತ್ತಾರೆ. ನನ್ನ ಪ್ರಕಾರ ನಿಜವಾದ ಅರ್ಥ ಅಲ್ಲಿಂದ ಶುರು. ಗಂಜಿನ ಅಂಗಡಿಯಲ್ಲಿ ಆ ದಿನದ ತೊಗರಿ ದರ ಬೋರ್ಡಿನ ಮೇಲಿರುತ್ತದೆ ಅನ್ನಿ. ಒಬ್ಬ ರೈತನ ಚೀಟಿಯ ಮೇಲೆ ಮಾಲಕರೇ ಕೈಯಾರೆ ಬೇರೆ ದರ ಬರೆದು ಕಳಿಸಿದ್ದಾರೆ. ಗುಮಾಸ್ತ ಯಾವುದನ್ನು ಹಿಡಿಯಬೇಕು? ಇದು ಮೊದಲೇ ತೀರ್ಮಾನವಾಗಿರದಿದ್ದರೆ ಬೋರ್ಡು ಇದ್ದೂ ಜಗಳ ತಪ್ಪದು.

ಬಿಲ್ಡ್ ಉಪಕರಣಗಳಲ್ಲಿ ಈ ತೀರ್ಮಾನ ಒಂದೇ ತೆರನಾಗಿಲ್ಲ. ಆ್ಯಂಟ್‌ನಲ್ಲಿ ಒಂದು ಪ್ರಾಪರ್ಟಿಗೆ ಮೊದಲು ಸಿಕ್ಕ ಬೆಲೆಯೇ (ಮೌಲ್ಯವೇ) ಗಟ್ಟಿ. ಆಮೇಲೆ ಯಾರು ಏನೇ ಬರೆದರೂ ಬದಲಾಗದು. ಹಾಗಾಗಿ ಒಂದು ಸ್ಕ್ರಿಪ್ಟಿಗೆ ಬೇರೆ ಬೆಲೆ ಬೇಕಿದ್ದರೆ ಅದರ ಸ್ವಂತ ಕಡತವನ್ನು ಮೇಲೆ ಓದಿಸಿ, ಕಾಮನ್ ಕಡತವನ್ನು ಅದರ ಕೆಳಗೆ ಓದಿಸಬೇಕು. ಮೇಕ್‌ನಲ್ಲಿ ಇದು ತಿರುವುಮುರುವು. ಅಲ್ಲಿ ಕಡೆಯಲ್ಲಿ ಬರೆದದ್ದೇ ನಿಲ್ಲುತ್ತದೆ. ಕಾಮನ್ ಕಡತ ಮೊದಲು, ಸ್ವಂತದ್ದು ಆಮೇಲೆ. ಈಗಾಗಲೇ ಬೆಲೆ ಇದ್ದರೆ ಮುಟ್ಟಬೇಡ ಎನ್ನಬೇಕಿದ್ದರೆ ಬರೀ = ಬದಲು ?= ಬಳಸಬೇಕು. ಎರಡರಲ್ಲೂ ಕಮಾಂಡ್ ಲೈನಿನಲ್ಲಿ (ಓಡಿಸುವಾಗ ಟೈಪಿಸುವ ಆಜ್ಞೆಯಲ್ಲಿ) ಕೊಟ್ಟ ಬೆಲೆಯ ಮಾತು ಕಡತದ ಮಾತಿಗಿಂತ ಮೇಲು. ಮೇಕ್ ಕಲಿತ ಕೈ ಆ್ಯಂಟ್ ಬರೆಯಲು ಕೂತರೆ ಮೊದಲು ಎಡವುವುದು ಇಲ್ಲೇ. ನಾವೂ ಎಡವಿದೆವು. ಬಿಲ್ಲಿನ ಸ್ಕ್ರಿಪ್ಟಿನಲ್ಲಿ ಹಳೆಯ ಆವೃತ್ತಿಯ ಸಾಲೊಂದು ಕಾಮನ್ ಕಡತಕ್ಕಿಂತ ಮೇಲೆ ಉಳಿದುಬಿಟ್ಟಿತ್ತು. ಕಾಮನ್ ಕಡತದಲ್ಲಿ ಎಷ್ಟು ತಿದ್ದಿದರೂ ಕಟ್ಟಿದ ಫೈಲಿನೊಳಗೆ ಹಳೆಯದೇ ಬರುತ್ತಿತ್ತು. ಎಲ್ಲೂ ದೋಷದ ಸಂದೇಶವಿಲ್ಲ. ಅರ್ಧ ದಿನ ಹುಡುಕಿದೆವು.

ಡೇಟಾಬೇಸಿನ ಪಾಸ್‌ವರ್ಡ್ ಮಾತ್ರ ಈ ಕಡತಕ್ಕೆ ಬೇಡ. ಕಾಮನ್ ಕಡತ ಎಲ್ಲರೂ ಕೋಡ್ ಹಂಚಿಕೊಳ್ಳುವ ಗಿಟ್‌ಗೆ ಹೋಗುತ್ತದೆ, ಎಲ್ಲರ ಕಂಪ್ಯೂಟರಿಗೂ ಇಳಿಯುತ್ತದೆ. ಪಾಸ್‌ವರ್ಡ್ ಇರುವ ಕಡತ ಬೇರೆಯೇ ಇರಲಿ, ಅದರ ಹೆಸರು ಗಿಟ್ ಬಿಟ್ಟುಬಿಡಬೇಕಾದ ಕಡತಗಳ ಪಟ್ಟಿಯಾದ ಗಿಟ್‌ಇಗ್ನೋರ್‌ನಲ್ಲಿರಲಿ. ಒಂದೇ ಸ್ಕ್ರಿಪ್ಟಿಗೆ ಬೇಕಾದ ಬೆಲೆಯನ್ನೂ ಇಲ್ಲಿಗೆ ತರಬೇಡಿ. ಆರು ತಿಂಗಳ ಮೇಲೆ ಅದು ಯಾರದೆಂದು ಯಾರಿಗೂ ಗೊತ್ತಿರುವುದಿಲ್ಲ, ಅಳಿಸಲು ಎಲ್ಲರೂ ಹೆದರುತ್ತಾರೆ.

ಆ್ಯಂಟ್‌ನಲ್ಲಿ ಯಾವ ಬೆಲೆ ಗೆದ್ದಿದೆ ಎಂಬ ಅನುಮಾನ ಬಂದರೆ ಹೆಚ್ಚು ವಿವರ ತೋರಿಸುವ ವರ್ಬೋಸ್ ಎಂಬ ಆಯ್ಕೆ ಕೊಟ್ಟು ಓಡಿಸಿ. ‘ಓವರ್‌ರೈಡ್ ಇಗ್ನೋರ್ಡ್ ಫಾರ್ ಪ್ರಾಪರ್ಟಿ’ ಎಂಬ ಸಾಲು ಕಂಡರೆ, ಅದರ ಮುಂದಿರುವ ಹೆಸರಿಗೆ ಎರಡು ಕಡೆ ಬೆಲೆ ಕೊಟ್ಟಿದ್ದೀರಿ ಮತ್ತು ಎರಡನೆಯದನ್ನು ಆ್ಯಂಟ್ ಬಿಟ್ಟಿದೆ ಎಂದರ್ಥ. ನಮ್ಮ ಬಿಲ್ಲಿನ ಸ್ಕ್ರಿಪ್ಟಿನಲ್ಲಿ ಆ ಹೆಸರು ಲಾಗ್‌ಫೋರ್‌ಜೆಯದೇ ಆಗಿತ್ತು.