ಬೋಯ್‌ಗಳು ಕೈಕೊಟ್ಟ ಮೇಲೆ ಬಂದ ದೋಣಿ

ಪೆಸಿಫಿಕ್‌ನ ನೀರು ವಾಡಿಕೆ ಮೀರಿ ಬಿಸಿಯಾಗಿ ಲೋಕದ ಹವೆಯನ್ನೇ ಏರುಪೇರು ಮಾಡುವ ಎಲ್ ನಿನೊ 1982–83ರಲ್ಲಿ ಮುನ್ಸೂಚನೆಯೇ ಇಲ್ಲದೆ ಬಂದೆರಗಿತು. ಆಮೇಲೆ ಪೆಸಿಫಿಕ್‌ನ ಸಮಭಾಜಕದುದ್ದಕ್ಕೂ ಲಂಗರು ಹಾಕಿದ ಸುಮಾರು 70 ಬೋಯ್‌ಗಳು, ಎಂದರೆ ಗಾಳಿ-ನೀರನ್ನು ಅಳೆಯುವ ತೇಲುಗಳು, ಕಾವಲು ನಿಂತವು. 1994ಕ್ಕೆ ‘ಟಾವೊ’ ಎಂಬ ಈ ಬೋಯ್‌ಗಳ ಜಾಲ ಪೂರ್ಣವಾಯಿತು. ಅದರ ಜೀವ ಇದ್ದದ್ದು ವರ್ಷವರ್ಷ ಹೋಗಿ ಸೆನ್ಸರ್ ಬದಲಿಸುವ ಹಡಗಿನಲ್ಲಿ. 2012ರಲ್ಲಿ ಆ ಹಡಗಿಗೆ ನಿವೃತ್ತಿಯಾಯಿತು. ಎರಡೇ ವರ್ಷದಲ್ಲಿ ಮಾಹಿತಿಯ ಹರಿವು ಶೇ 40ರ ಆಸುಪಾಸಿಗೆ ಕುಸಿಯಿತು. ಖರ್ಚು ಉಳಿಯಿತು, ನಿಜ.

ಗಾಳಿಯ ಬಲದಲ್ಲಿ ಸಾಗುವ ಮಾನವರಹಿತ ದೋಣಿ ಸೈಲ್‌ಡ್ರೋನ್‌ಗೆ ದಾರಿಯಾದದ್ದು ಈ ತೆರವು. 2013ರಲ್ಲಿ ಅದು ಸ್ಯಾನ್‌ಫ್ರಾನ್ಸಿಸ್ಕೊದಿಂದ ಹವಾಯಿಗೆ 34 ದಿನಗಳಲ್ಲಿ ತಾನೇ ಸಾಗಿತ್ತು. ಮರುವರ್ಷ ಅಮೆರಿಕದ ಸಾಗರ ಸಂಸ್ಥೆ ನೋವಾ ಕೈಜೋಡಿಸಿತು. ಏಳು ಮೀಟರ್ ಉದ್ದದ ಒಡಲು, ಐದು ಮೀಟರ್ ಎತ್ತರದ ಗಟ್ಟಿ ರೆಕ್ಕೆ. ರೆಕ್ಕೆಯನ್ನು ಹಗ್ಗದಿಂದ ಎಳೆಯುವುದಿಲ್ಲ. ಹಿಂದಿನ ಬಾಲದ ಪುಟ್ಟ ಪಟ್ಟಿ ಕೆಲವು ಡಿಗ್ರಿ ತಿರುಗಿದರೆ ಸಾಕು, ಇಡೀ ರೆಕ್ಕೆಯನ್ನು ಗಾಳಿಯೇ ಬೇಕಾದ ಕೋನಕ್ಕೆ ತಂದು ನಿಲ್ಲಿಸುತ್ತದೆ. ಹೀಗಾಗಿ ಸೌರಫಲಕದ ಅಲ್ಪ ವಿದ್ಯುತ್ತು ಸೆನ್ಸರ್‌ಗಳಿಗೂ ಉಪಗ್ರಹ ಸಂಪರ್ಕಕ್ಕೂ ಉಳಿಯುತ್ತದೆ.

ತೊಡಕಿರುವುದು ಬೋಯ್‌ನ ಜಾಗದಲ್ಲಿ ಇದನ್ನು ನಿಲ್ಲಿಸಲು ಹೊರಟಾಗ. ಸಮಭಾಜಕದಲ್ಲಿ ಗಾಳಿ ಸತ್ತರೆ ಪ್ರವಾಹ ದೋಣಿಯನ್ನು ಪಶ್ಚಿಮಕ್ಕೆ ಒಯ್ಯುತ್ತದೆ. ತಿಂಗಳುಗಟ್ಟಲೆ ನೀರಲ್ಲಿದ್ದ ಸೆನ್ಸರ್‌ಗೆ ಪಾಚಿ, ಬಾರ್ನಕಲ್ ಎಂಬ ಚಿಪ್ಪುಜೀವಿ ಮೆತ್ತಿಕೊಂಡು ಲವಣಾಂಶದ ಲೆಕ್ಕ ತಪ್ಪುತ್ತದೆ. ಒಡಲು ಓಲಾಡುವುದರಿಂದ ಗಾಳಿಯ ಪ್ರತಿ ಅಳತೆಯನ್ನೂ ಓಲಾಟ ಕಳೆದು ತಿದ್ದಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಬೋಯ್ ತನ್ನ ಸರಪಳಿಯುದ್ದಕ್ಕೂ 500 ಮೀಟರ್ ಆಳದವರೆಗಿನ ಉಷ್ಣತೆ ಹೇಳುತ್ತದೆ. ಎಲ್ ನಿನೊ ಹೊಂಚುಹಾಕುವುದೇ ಆ ಆಳದಲ್ಲಿ. ದೋಣಿಗೆ ಕಾಣುವುದು ಹೆಚ್ಚಾಗಿ ಮೇಲ್ಪದರ.

ಹಡಗು ಹೋಗಲಾರದ ಕಡೆ ಮಾತ್ರ ಇದಕ್ಕೆ ಸಾಟಿಯಿಲ್ಲ. ದಕ್ಷಿಣ ಸಾಗರದ ಅಲೆಗೆ ಎತ್ತರದ ರೆಕ್ಕೆ ತಾಳದೆ, ಗಿಡ್ಡ ಚೌಕ ರೆಕ್ಕೆ ಕೂರಿಸಿದ ಮೇಲೆ 2019ರಲ್ಲಿ ಒಂದು ದೋಣಿ 196 ದಿನಗಳಲ್ಲಿ ಅಂಟಾರ್ಕ್ಟಿಕಾ ಸುತ್ತಿತು. 2021ರಲ್ಲಿ ಇನ್ನೊಂದು ಸ್ಯಾಮ್ ಚಂಡಮಾರುತದ ಒಳಗಿಂದಲೇ ವಿಡಿಯೊ ಕಳಿಸಿತು.

ಈಗ ಇದೇ ಒಡಲಿನ ಮೇಲೆ ನೌಕಾಪಡೆಗಳ ಕ್ಯಾಮೆರಾಗಳೂ ಕೂತಿವೆ. 2022ರ ಸೆಪ್ಟೆಂಬರ್‌ನಲ್ಲಿ ಕೆಂಪು ಸಮುದ್ರದಲ್ಲಿ ಇರಾನಿನ ಯುದ್ಧನೌಕೆ ಇಂಥ ಎರಡನ್ನು ಹಿಡಿದು ಮರುದಿನ ಬಿಟ್ಟುಕೊಟ್ಟಿತು. ಬೇರೆ ದೇಶದ ಆರ್ಥಿಕ ವಲಯದಲ್ಲಿ, ಎಂದರೆ ಅದರ ಕರಾವಳಿಯಾಚೆ ಆ ದೇಶಕ್ಕೆ ಹಕ್ಕಿರುವ ಸಮುದ್ರದಲ್ಲಿ, ಸಂಶೋಧನೆಗೆ ಸಾಗರ ಕಾನೂನಿನಂತೆ ಆರು ತಿಂಗಳು ಮೊದಲೇ ವಿವರ ಕೊಟ್ಟು ಒಪ್ಪಿಗೆ ಪಡೆಯಬೇಕು. ಅಳೆಯುವ ದೋಣಿ ಯಾವುದು, ಕಣ್ಣಿಡುವ ದೋಣಿ ಯಾವುದು ಎಂದು ದಡದಿಂದ ಗೊತ್ತಾಗದ ಮೇಲೆ ಆ ಒಪ್ಪಿಗೆ ಸಲೀಸಾಗಿ ಸಿಗುವುದು ಕಷ್ಟ.