ಹಾಲು ಹಲ್ಲಿನ ಹುಳುಕು: ಬಿಳಿ ಗೆರೆಯಲ್ಲೇ ಹಿಡಿಯೋದು ಹೇಗೆ?

"ಹಾಲ ಹಲ್ಲ ಅಲ್ರೀ, ಹೆಂಗಿದ್ರೂ ಬಿದ್ದ ಹೋಗ್ತಾವ." ಬಾಗಲಕೋಟೆಯಲ್ಲಿ ಮಕ್ಕಳ ಹಲ್ಲಿನ ಒಪಿಡಿಯಲ್ಲಿ ಕೂತರೆ ಈ ಮಾತು ಮತ್ತೆ ಮತ್ತೆ ಕೇಳುತ್ತೀರಿ. ಮುಂದಿನ ಹಲ್ಲು ಆರೇಳು ವರ್ಷಕ್ಕೆ ಬೀಳುತ್ತವೆ, ನಿಜ. ಆದರೆ ಹಾಲು ದವಡೆ ಹಲ್ಲು 10-12 ವರ್ಷದವರೆಗೂ ಇರಬೇಕು. ಮಗು ರೊಟ್ಟಿ ಅಗಿಯೋದು ಅದರಲ್ಲೇ. ಕೆಳಗಿನಿಂದ ಬರುವ ಹಲ್ಲಿಗೆ ಜಾಗ ಹಿಡಿದಿಡೋದೂ ಅದೇ.

ಮೊದಲು ನೋಡೋದನ್ನು ಕಲಿಯೋಣ. ಮಗುವಿನ ಮೇಲ್ದುಟಿ ಎತ್ತಿ. ಹುಳುಕು ಸಾಮಾನ್ಯವಾಗಿ ಮೇಲಿನ ಮುಂದಿನ ಹಲ್ಲಿನಲ್ಲಿ ಶುರು. ರಾತ್ರಿ ಹಾಲಿನ ಬಾಟಲಿ ಬಾಯಲ್ಲೇ ಇಟ್ಟು ಮಲಗುವ ಮಕ್ಕಳಲ್ಲಿ ಇದು ಜಾಸ್ತಿ. ಕೆಳಗಿನ ಮುಂದಿನ ಹಲ್ಲನ್ನು ನಾಲಿಗೆ, ಜೊಲ್ಲು ಎರಡೂ ಕಾಯುತ್ತವೆ.

ಹತ್ತಿಯಿಂದ ಪಾಚಿ ಒರೆಸಿ, ಐದು ಸೆಕೆಂಡ್ ಗಾಳಿ ಊದಿ. ಒದ್ದೆ ಇದ್ದಾಗ ಚೆನ್ನಾಗೇ ಕಂಡ ಹಲ್ಲಿನಲ್ಲಿ, ವಸಡಿನ ಪಕ್ಕಕ್ಕೆ ಸುಣ್ಣ ಬಳಿದಂತೆ ಒಂದು ಮಂಕು ಗೆರೆ ಮೂಡುತ್ತದೆ. ಕಣ್ಣೆದುರೇ ಮೂಡುತ್ತದೆ! ಯಾಕೆ? ಆಮ್ಲ ಖನಿಜ ಕರಗಿಸಿ, ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್‌ನಲ್ಲಿ ಸಣ್ಣ ಸಣ್ಣ ರಂಧ್ರ ಮಾಡಿರುತ್ತದೆ. ಎನಾಮೆಲ್‌ನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನೋ ಅಳತೆ) 1.62, ನೀರಿನದು 1.33, ಗಾಳಿಯದು 1.0. ರಂಧ್ರದಲ್ಲಿ ನೀರಿದ್ದರೆ ವ್ಯತ್ಯಾಸ ಕಡಿಮೆ. ಗಾಳಿ ತುಂಬಿದರೆ ಬೆಳಕು ಜಾಸ್ತಿ ಚದುರಿ ಬಿಳಿ ಕಾಣುತ್ತದೆ. ಒಣಗಿಸಿದಾಗ ಮಾತ್ರ ಕಂಡರೆ ಹುಳುಕು ಮೇಲುಮೇಲೆ ಇದೆ. ಒದ್ದೆಯಲ್ಲೂ ಕಂಡರೆ ಆಳಕ್ಕೆ ಇಳಿದಿದೆ. ಹಲ್ಲು ಪರೀಕ್ಷಿಸುವ ಚೂಪು ಕಡ್ಡಿಯಾದ ಪ್ರೋಬ್‌ನಿಂದ ಮಾತ್ರ ಚುಚ್ಚಬೇಡಿ. ಉಳಿಯಬಹುದಾದ ಮೇಲಿನ ಪದರವನ್ನು ನಾವೇ ಒಡೆದಂತಾಗುತ್ತದೆ.

ನಮ್ಮ ಕಡೆ ಇನ್ನೊಂದು ಗೊಂದಲವಿದೆ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕೆಲವು ಊರುಗಳಲ್ಲಿ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅದರಿಂದ ಹಲ್ಲಿಗೆ ಬರುವ ಫ್ಲೋರೋಸಿಸ್ ಕಲೆಯೂ ಬಿಳಿಯೇ. ಆದರೆ ಅದು ಹೆಚ್ಚಾಗಿ ಕಾಯಂ ಹಲ್ಲಿನಲ್ಲಿ, ಎಡ-ಬಲ ಒಂದೇ ಥರ ಬರುತ್ತದೆ. ವಸಡಿಗೆ ಅಂಟಿಕೊಂಡೇ ಇರೋದಿಲ್ಲ. ಹಾಗಾಗಿ ಕುಡಿಯೋ ನೀರು ಯಾವುದು ಅಂತ ಕೇಳಲೇಬೇಕು.

ಚಿಕಿತ್ಸೆಗೆ ಬರೋಣ. ಬಿಳಿ ಗೆರೆಗೆ ಡ್ರಿಲ್ ಬೇಡ. 5% ಸೋಡಿಯಂ ಫ್ಲೋರೈಡ್ ವಾರ್ನಿಶ್ ತೆಳ್ಳಗೆ ಹಚ್ಚಿ, 3-6 ತಿಂಗಳಿಗೊಮ್ಮೆ ಮತ್ತೆ ಹಚ್ಚಿ. ರಾತ್ರಿ ಬಾಟಲಿ ಬಿಡಿಸಿ. ಮನೆಯಲ್ಲಿ 1000 ಪಿಪಿಎಂ ಫ್ಲೋರೈಡ್ ಇರುವ ಪೇಸ್ಟ್: 3 ವರ್ಷದೊಳಗೆ ಅಕ್ಕಿ ಕಾಳಿನಷ್ಟು, 3ರಿಂದ 6ರವರೆಗೆ ಬಟಾಣಿಯಷ್ಟು. ಹಲ್ಲುಜ್ಜಿಸೋದು ದೊಡ್ಡವರೇ.

ತೂತು ಬಿದ್ದು ಎನಾಮೆಲ್ ಕೆಳಗಿನ ಪದರ ಡೆಂಟಿನ್ ಮುಟ್ಟಿದೆ, ನೋವಿಲ್ಲ ಅಂದರೆ 38% ಸಿಲ್ವರ್ ಡೈಅಮೈನ್ ಫ್ಲೋರೈಡ್ (ಹುಳುಕಿಗೆ ಹಚ್ಚುವ ದ್ರವ ಔಷಧ) ಹೆಚ್ಚಿನ ಸಲ ಹುಳುಕನ್ನು ತಡೆದು ನಿಲ್ಲಿಸುತ್ತದೆ. ಇಂಜೆಕ್ಷನ್ ಇಲ್ಲ, ಮಗು ಅಳೋದಿಲ್ಲ. ದವಡೆ ಹಲ್ಲು ಜಾಸ್ತಿ ಹಾಳಾಗಿದ್ದರೆ ಹಾಲ್ (Hall) ಅನ್ನೋ ವಿಧಾನದಲ್ಲಿ ಕೊರೆಯದೆ ಸ್ಟೀಲ್ ಕ್ಯಾಪ್ ಕೂರಿಸಬಹುದು. ರಾತ್ರಿ ನೋವು, ವಸಡಿನಲ್ಲಿ ಕೀವಿನ ಗುಳ್ಳೆ ಇದ್ದರೆ ಇವು ಯಾವುವೂ ಸಾಲೋದಿಲ್ಲ. ಹಲ್ಲಿನ ನರದ ಚಿಕಿತ್ಸೆ ಇಲ್ಲವೇ ಹಲ್ಲು ಕೀಳೋದೇ ದಾರಿ.

ಸಿಲ್ವರ್ ಹಚ್ಚಿದ ಹುಳುಕು ಕಪ್ಪಾಗುತ್ತದೆ, ಹಾಗೇ ಉಳಿಯುತ್ತದೆ. ಹಚ್ಚೋ ಮೊದಲೇ ಫೋಟೋ ತೋರಿಸಿ ಒಪ್ಪಿಗೆ ಕೇಳಿ. ಒಬ್ಬ ತಾಯಿ ಫೋಟೋ ನೋಡಿ ಸ್ವಲ್ಪ ಹೊತ್ತು ಸುಮ್ನಿದ್ದು, "ದವಡಿಗೆ ಹಚ್ರೀ, ಮುಂದಿನ ಹಲ್ಲಿಗೆ ಬ್ಯಾಡ್ರಿ" ಅಂದರು. ಮುಂದಿನ ಹಲ್ಲಿಗೆ ಹಲ್ಲಿನ ಬಣ್ಣದ ಗ್ಲಾಸ್ ಅಯಾನೊಮರ್ ಸಿಮೆಂಟ್ ತುಂಬಿದೆವು.