ಬೆಟ್ಟದ ಮೇಲಿನ ರಾಜಧಾನಿಗೆ ನೀರು ಹೊರುವವರು ಯಾರು?

ಪ್ರಶ್ನೆ: ಕಥೆಗಾಗಿ ಒಂದು ಕಾಲ್ಪನಿಕ ನಾಗರಿಕತೆ ಕಟ್ಟುತ್ತಿದ್ದೇನೆ. ನಕ್ಷೆ, ರಾಜವಂಶ, ಲಿಪಿ, ದೇವರುಗಳು ಎಲ್ಲ ಆಯಿತು. ಬೆಟ್ಟದ ತುದಿಯಲ್ಲಿ 10,000 ಜನರ ರಾಜಧಾನಿಯೂ ಇದೆ. ಆದರೆ ಓದಿದವರು ‘ನೋಡೋಕೆ ಚೆನ್ನಾಗಿದೆ, ಜೀವ ಇಲ್ಲ’ ಅನ್ನುತ್ತಾರೆ. ಏನು ಬಿಟ್ಟುಹೋಗಿದೆ?

ಉತ್ತರ: ನಿಮ್ಮ ಪಟ್ಟಿಯಲ್ಲಿ ಊಟವಿಲ್ಲ, ನೀರೂ ಇಲ್ಲ. ರಾಜನ ಮುತ್ತಜ್ಜನ ಹೆಸರು ನಿಮಗೆ ಗೊತ್ತು. ಅವನ ಅಡುಗೆಮನೆಗೆ ಧಾನ್ಯ ಯಾವ ದಾರಿಯಲ್ಲಿ ಬರುತ್ತದೆ ಅನ್ನುವುದು ಗೊತ್ತಿಲ್ಲ. ಹೊಸದಾಗಿ ಲೋಕ ಕಟ್ಟಲು ಹೊರಟವರು ಹೆಚ್ಚಾಗಿ ಎಡವುವುದು ಇಲ್ಲೇ. ವಂಶವೃಕ್ಷ ಬರೆಯುವಾಗಿನ ಖುಷಿ ಕಣಜದ ಲೆಕ್ಕ ಬರೆಯುವಾಗ ಸಿಗುವುದಿಲ್ಲವಲ್ಲ. ಆದರೂ ಒಮ್ಮೆ ಕೂತು ಆ ಲೆಕ್ಕ ಹಾಕೋಣ.

ಒಬ್ಬರಿಗೆ ದಿನಕ್ಕೆ ಸುಮಾರು 2,000ದಿಂದ 2,500 ಕ್ಯಾಲೊರಿ ಬೇಕು. ಒಂದು ಕಿಲೋ ಒಣಧಾನ್ಯದಲ್ಲಿ ಸುಮಾರು 3,400 ಕ್ಯಾಲೊರಿ ಇರುತ್ತದೆ. ನಿಮ್ಮ ಜನ ಹೆಚ್ಚುಕಡಿಮೆ ಧಾನ್ಯದ ಮೇಲೇ ಬದುಕುವವರು ಅಂದುಕೊಂಡರೆ, ತಲೆಗೆ ವರ್ಷಕ್ಕೆ 250 ಕಿಲೋ. ಯಂತ್ರವಿಲ್ಲ, ರಾಸಾಯನಿಕ ಗೊಬ್ಬರವಿಲ್ಲ. ಹಾಗಾಗಿ ಇಳುವರಿ ಹೆಕ್ಟೇರಿಗೆ 800 ಕಿಲೋ ಎಂದಿಟ್ಟುಕೊಳ್ಳಿ. ಐದು ಜನರ ಒಂದು ಸಂಸಾರಕ್ಕೆ 5 ಹೆಕ್ಟೇರ್ ಹೊಲ ಕೊಡಿ. ನೆಲದ ಸತ್ವ ಉಳಿಯಲಿ ಎಂದು ಅರ್ಧ ಬೀಳು ಬಿಟ್ಟರೆ, ಉಳಿದ ಅರ್ಧದಲ್ಲಿ ಬೆಳೆಯುವುದು 2,000 ಕಿಲೋ. ಅದರಲ್ಲಿ ಕಾಲು ಭಾಗ ಮುಂದಿನ ಬಿತ್ತನೆಗೆ. ಇದೇನು ಅತಿಯಲ್ಲ, ಮಧ್ಯಯುಗದ ಯುರೋಪಿನಲ್ಲಿ ಒಂದು ಕಾಳು ಬಿತ್ತಿದರೆ ನಾಲ್ಕು ಕಾಳು ಸಿಗುವುದೇ ಎಷ್ಟೋ ಕಡೆ ಸಾಮಾನ್ಯವಾಗಿತ್ತು. ಇಲಿ, ಹುಳ, ತೇವಕ್ಕೆಂದು 150 ಕಿಲೋ ಕಳೆಯಿರಿ. ಮಿಕ್ಕ 1,350ರಲ್ಲಿ ಮನೆಯವರೇ ಉಣ್ಣುವುದು 1,250. ಒಂದು ಸಂಸಾರ ವರ್ಷವಿಡೀ ಬೆವರು ಸುರಿಸಿ ನಿಮ್ಮ ರಾಜಧಾನಿಗೆ ಕೊಡಬಲ್ಲದ್ದು 100 ಕಿಲೋ.

ರಾಜಧಾನಿಗೆ ಬೇಕಿರುವುದು 25 ಲಕ್ಷ ಕಿಲೋ. ಅಂದರೆ 25,000 ಸಂಸಾರ, 1,25,000 ಹಳ್ಳಿಗರು. ಅವರ ಹೊಲಗಳೆಲ್ಲ ಸೇರಿ 1,250 ಚದರ ಕಿಲೋಮೀಟರ್. ಕಾಡು, ಹುಲ್ಲುಗಾವಲು, ಕೆರೆ ಯಾವುದಕ್ಕೂ ಒಂದು ಗೇಣು ಬಿಡದೆ ಉತ್ತರೂ ಊರಿನ ಸುತ್ತ 20 ಕಿಲೋಮೀಟರ್ ದೂರದವರೆಗೆ ಬರೀ ಹೊಲ. ನಿಮ್ಮ ನಕ್ಷೆಯಲ್ಲಿ ಅಷ್ಟು ಜಾಗದಲ್ಲಿ ಏನಿದೆ? ‘ಕರಾಳ ಅರಣ್ಯ’ ಎಂದು ಬರೆದಿದ್ದರೆ ಅಳಿಸುವ ಮೊದಲು ಸ್ವಲ್ಪ ತಾಳಿ.

ಈ ಅಂಕಿಗಳೇನೂ ಶಿಲಾಶಾಸನವಲ್ಲ. ಒಂದನ್ನು ಅಲುಗಿಸಿದರೆ ಇಡೀ ಸಮಾಜ ಅಲುಗುತ್ತದೆ, ಆಟವಿರುವುದೇ ಅಲ್ಲಿ. ಈಗಿನ ಮೆಕ್ಸಿಕೋದಲ್ಲಿ ಆಳಿದ ಆಸ್ಟೆಕ್ಕರ ರಾಜಧಾನಿ ಟೆನೊಚ್ಟಿಟ್ಲಾನ್ ಸರೋವರದ ನಡುವಿನ ಊರು. ಆಳವಿಲ್ಲದ ನೀರಿನಲ್ಲಿ ಕೆಸರು ಏರಿಸಿ ಮಾಡಿದ ಚಿನಾಂಪಾ ಎಂಬ ಮಡಿಗಳಲ್ಲಿ ಅವರು ವರ್ಷಕ್ಕೆ ಹಲವು ಬೆಳೆ ತೆಗೆಯುತ್ತಿದ್ದರು, ಫಸಲನ್ನು ದೋಣಿಯಲ್ಲಿ ಊರೊಳಗೇ ತರುತ್ತಿದ್ದರು. ಗಾಡಿ ಎಳೆಯುವ ಪ್ರಾಣಿಯೇ ಇಲ್ಲದ ಜನ ಅಷ್ಟು ದೊಡ್ಡ ನಗರ ಸಾಕಿದ್ದು ಹೀಗೆ. ನೆಲದ ಮೇಲೆ ಸಾಗಿಸುವುದಾದರೆ ಎತ್ತಿನ ಗಾಡಿ ದಿನಕ್ಕೆ 15–20 ಕಿಲೋಮೀಟರ್ ಹೋದೀತು, ಎತ್ತುಗಳಿಗೂ ದಾರಿಯುದ್ದಕ್ಕೂ ಮೇವು ಬೇಕು. ದೂರ ಹೆಚ್ಚಿದಷ್ಟೂ ಸಾಗಿಸುವುದೇ ಸರಕನ್ನು ತಿನ್ನುತ್ತದೆ. ಹಳೆಯ ದೊಡ್ಡ ನಗರಗಳು ನದಿಯನ್ನೋ ಕಡಲನ್ನೋ ತಬ್ಬಿಕೊಂಡಿರುವುದು ಸುಮ್ಮನೆ ಅಲ್ಲ.

ಧಾನ್ಯ ಬಂತು, ಇನ್ನು ಅದನ್ನು ಎಣಿಸಬೇಕು. ನಿಮ್ಮ ಲಿಪಿಗೆ ಕೆಲಸ ಸಿಗುವುದು ಇಲ್ಲಿ. ಮೆಸೊಪೊಟೇಮಿಯಾದ ಉರುಕ್ ನಗರದಲ್ಲಿ ಸಿಕ್ಕ, ಕ್ರಿಸ್ತಪೂರ್ವ 3300ರ ಆಸುಪಾಸಿನ ಮಣ್ಣಿನ ಹಲಗೆಗಳಲ್ಲಿ ಬಹುಪಾಲು ಇರುವುದು ಕಾವ್ಯವಲ್ಲ; ಬಾರ್ಲಿ, ಬಿಯರ್, ಕುರಿಗಳ ಲೆಕ್ಕ. ದಕ್ಷಿಣ ಅಮೆರಿಕದ ಇಂಕಾಗಳಿಗೆ ಬರಹವೆಂದು ನಾವು ಗುರುತಿಸುವಂಥದ್ದು ಇರಲಿಲ್ಲ. ಕೀಪು ಎಂಬ ದಾರದ ಗಂಟುಗಳಲ್ಲೇ ಲೆಕ್ಕ ಇಟ್ಟು, ಗಾಳಿಯಾಡುವ ಬೆಟ್ಟದ ಇಳಿಜಾರುಗಳಲ್ಲಿ ಸಾಲುಸಾಲು ಕಣಜ ಕಟ್ಟಿ, ಒಂದು ಸಾಮ್ರಾಜ್ಯ ನಡೆಸಿದರು. ನಾಣ್ಯವೂ ಇರಲಿಲ್ಲ. ಜನ ಸರ್ಕಾರಕ್ಕೆ ಕೊಡುತ್ತಿದ್ದುದು ದುಡಿಮೆಯ ದಿನಗಳನ್ನು. ಅದಕ್ಕೆ ಮಿತ ಎನ್ನುತ್ತಿದ್ದರು. ಆದ್ದರಿಂದ ನಿಮ್ಮ ಲೋಕದಲ್ಲಿ ‘ಚಿನ್ನದ ನಾಣ್ಯ’ ಎಂದು ಬರೆಯುವ ಮುಂಚೆ ಅದು ನಿಜಕ್ಕೂ ಬೇಕೇ ಎಂದು ಕೇಳಿಕೊಳ್ಳಿ. ನನಗಂತೂ ದಾರದ ಗಂಟು ಓದಬಲ್ಲ ಒಬ್ಬ ಗುಮಾಸ್ತ, ಖಡ್ಗ ಹಿಡಿದ ಹತ್ತು ರಾಜಕುಮಾರರಿಗಿಂತ ಮೇಲು. ಅವನು ಒಂದು ಗಂಟು ಬಿಚ್ಚಿದರೆ ಒಂದು ಊರು ಉಪವಾಸ ಬೀಳಬಹುದು.

ಮಂತ್ರವಿದ್ಯೆ ಇದ್ದರೆ ಇದೆಲ್ಲ ಬೇಕಿಲ್ಲವಲ್ಲ ಅನ್ನಬಹುದು. ಬೇಕು. ಮಂತ್ರ ಹಾಕಿ ರೊಟ್ಟಿ ಬರಿಸುವವರು ಎಷ್ಟು ಜನ, ದಿನಕ್ಕೆ ಎಷ್ಟು ರೊಟ್ಟಿ ಎಂದು ಕೇಳಿದ ಕ್ಷಣ ಅದೂ ಕಣಜದ ಲೆಕ್ಕವೇ ಆಗುತ್ತದೆ.

ಈಗ ನಿಮ್ಮ ಬೆಟ್ಟಕ್ಕೆ ಬರೋಣ. ಕುಡಿಯಲು, ಅಡುಗೆಗೆ, ಮೈಕೈ ತೊಳೆಯಲು ತಲೆಗೆ ದಿನಕ್ಕೆ 20 ಲೀಟರ್ ಅಂದರೂ ಅದು ಬಿಗಿಹಿಡಿದ ಲೆಕ್ಕ. 10,000 ಜನರಿಗೆ 2 ಲಕ್ಷ ಲೀಟರ್. ನದಿ ಬೆಟ್ಟದ ಬುಡದಲ್ಲಿದೆ. ಒಬ್ಬರು ಒಂದು ಸಲಕ್ಕೆ 20 ಲೀಟರ್ ಹೊತ್ತು, ದಿನಕ್ಕೆ ಐದು ಸಲ ಹತ್ತಿ ಇಳಿದರೂ 2,000 ಹೊರುವವರು ಬೇಕು. ಊರಿನ ಐದರಲ್ಲಿ ಒಬ್ಬರು. ಮಳೆನೀರು ಹಿಡಿಯುವ ದಾರಿಯೂ ಇದೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್; ವರ್ಷಕ್ಕೆ 1,000 ಮಿಲಿಮೀಟರ್ ಮಳೆಯಾಗುವ ಕಡೆ, ಸೋರಿ ಆವಿಯಾಗಿ ಹೋಗುವುದನ್ನೂ ಸೇರಿಸಿದರೆ, ತಲೆಗೆ ಸುಮಾರು 10 ಚದರ ಮೀಟರ್ ಸೂರು ಸಾಕು. ಆಗ ಸೂರಿನ ಇಳಿಜಾರು, ಅಂಗಳದಡಿಯ ತೊಟ್ಟಿ, ಪಕ್ಕದ ಮನೆಯವರ ಸೂರಿನ ನೀರು ಯಾರದೆಂಬ ಜಗಳ, ಎಲ್ಲವೂ ತಾವಾಗಿಯೇ ಹುಟ್ಟುತ್ತವೆ.

ನಾನಾದರೆ ಹೊರುವವರನ್ನೇ ಆರಿಸಿಕೊಳ್ಳುತ್ತೇನೆ. 2,000 ಜನ ಎಂದರೆ ಅವರಿಗೊಂದು ಕೇರಿ, ಒಂದು ಹಾಡು, ಮಂಡಿನೋವಿಗೊಂದು ದೇವರು ಇದ್ದೇ ಇರುತ್ತದೆ. ಅವರಿಗೆ ಕೂಲಿ ಕೊಡುವವರು ಯಾರು, ಮುದಿಯಾದ ಮೇಲೆ ನೋಡಿಕೊಳ್ಳುವವರು ಯಾರು, ಕೊಡ ಹೊರುವ ಮನೆಯ ಹುಡುಗಿ ಗಂಟು ಓದಲು ಕಲಿಯಬಹುದೇ ಎಂಬುದನ್ನು ನೀವೇ ತೀರ್ಮಾನಿಸಬೇಕು. ಕೂಲಿ ಕೊಡದೆ ಸತಾಯಿಸಿದರೆ ಏನಾಗುತ್ತದೆಂಬುದಕ್ಕೆ ಈಜಿಪ್ಟಿನಲ್ಲಿ ದಾಖಲೆಯೇ ಇದೆ. ಮೂರನೆಯ ರಾಮ್ಸೆಸ್‌ನ ಆಳ್ವಿಕೆಯ 29ನೇ ವರ್ಷ, ದೇರ್ ಎಲ್-ಮದೀನಾ ಎಂಬ ಊರಿನಲ್ಲಿದ್ದ, ರಾಜರ ಗೋರಿ ಕೊರೆಯುವ ಕೆಲಸಗಾರರಿಗೆ ಕೂಲಿಯ ಧಾನ್ಯ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಹಸಿದಿದ್ದೇವೆ ಎಂದು ಹೇಳಿ ಕೆಲಸ ಬಿಟ್ಟು ದೇವಸ್ಥಾನದ ಬಳಿ ಹೋಗಿ ಕೂತರು. ಅಧಿಕಾರಿಗಳು ಕೊನೆಗೆ ಧಾನ್ಯ ತಂದು ಹಂಚಬೇಕಾಯಿತು.

ನಿಮ್ಮ ಊರಿನಲ್ಲಿ ನೀರು ಹೊರುವವರು ಒಂದು ಬೆಳಿಗ್ಗೆ ಕೊಡ ಕೆಳಗಿಟ್ಟು ಕೂತರು ಅನ್ನಿ. ಅರಮನೆಯ ತೊಟ್ಟಿ 10 ಮೀಟರ್ ಉದ್ದ, 10 ಮೀಟರ್ ಅಗಲ, 4 ಮೀಟರ್ ಆಳ. ತುಂಬಿದ್ದರೆ 4 ಲಕ್ಷ ಲೀಟರ್. ಎಷ್ಟೋ ತಲೆಮಾರುಗಳ ವಂಶವೃಕ್ಷವಿರುವ ನಿಮ್ಮ ರಾಜನ ಕೈಯಲ್ಲಿ ಇರುವುದು ಎರಡು ದಿನ.